ಜಡೆ ಎಲ್ಲಿ ತಪ್ಪಿತು? ಹೆಣೆದ ಚರ್ಮದ ಚಾಟಿ, ಲಗಾಮುಗಳ ದೋಷ ಹುಡುಕುವ ಬಗೆ

ಎರಡು ದಿನ ಕೂತು ಚಾಟಿ ಹೆಣೆದಿದ್ದೀರಿ. ಬೆರಳ ತುದಿ ಉರಿಯುತ್ತಿದೆ. ಬೆಳಕಿಗೆ ಹಿಡಿದು ನೋಡಿದರೆ ನಡುವೆ ಎಲ್ಲೋ ಸಂದಿ ಬಿಟ್ಟಿದೆ. ಇಲ್ಲವೇ ಎಡಬಲದ ಎಳೆಗಳು ಕೂಡುವ, ನೆಟ್ಟಗೆ ಓಡಬೇಕಾದ ಸಾಲು ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗಿದೆ. ಆಗ ಎಲ್ಲರೂ ಮಾಡುವುದು ಒಂದೇ. ಕಣ್ಣಿಗೆ ಬಿದ್ದ ಜಾಗದಲ್ಲೇ ಎಳೆಯನ್ನು ಇನ್ನಷ್ಟು ಬಿಗಿದು ಸರಿಮಾಡಲು ನೋಡುತ್ತೇವೆ. ಅದು ಸರಿಹೋಗುವುದಿಲ್ಲ.

ಯಾಕೆಂದರೆ ಹೆಣೆದ ಚರ್ಮದಲ್ಲಿ ದೋಷ ಕಾಣುವ ಜಾಗ ಬೇರೆ, ಹುಟ್ಟಿದ ಜಾಗ ಬೇರೆ. ಹೊರಗಿನ ಜಡೆಯಲ್ಲಿ ಕೈಗೆ ಸಿಗುವ ಉಬ್ಬು ಒಳಗಿನ ಜಡೆಯಲ್ಲಿ ಹುಟ್ಟಿರುತ್ತದೆ. ಒಳಜಡೆಯಲ್ಲಿರುವ ಸಂದಿ ಅದಕ್ಕೂ ಮುಂಚೆ, ಎಳೆ ಸೀಳುವ ಹಲಗೆಯ ಮೇಲೇ ಹುಟ್ಟಿರುತ್ತದೆ. ನಾನು ಬಿಚ್ಚಿ ನೋಡಿದ ಕೆಲಸಗಳಲ್ಲಿ ಬಹುಪಾಲು ತಪ್ಪು ಹೆಣೆಯುವ ಕೈಯದ್ದಾಗಿರಲಿಲ್ಲ, ಸೀಳುವ ಚಾಕುವಿನದ್ದಾಗಿತ್ತು. ಹಾಗಾಗಿ ಇಲ್ಲಿ ಒಂದೊಂದು ಲಕ್ಷಣವನ್ನು ಹಿಡಿದುಕೊಂಡು ಅದರ ಹುಟ್ಟಿನವರೆಗೆ ಹಿಂದಕ್ಕೆ ಹೋಗೋಣ. ಹೆಣಿಗೆ ಸ್ವಲ್ಪವಾದರೂ ಬರುತ್ತದೆ ಅಂತ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು

ಒಳ್ಳೆಯ ಚಾಟಿ ಪದರ ಪದರವಾಗಿರುತ್ತದೆ. ನಟ್ಟನಡುವೆ ತಿರುಳು, ಅಂದರೆ ಚೂಪಾಗುತ್ತಾ ಹೋಗುವ ಒಂದು ಚರ್ಮದ ಪಟ್ಟಿ. ಅದರ ಮೇಲೆ ಒಳಜಡೆ, ಸಾಮಾನ್ಯವಾಗಿ ನಾಲ್ಕೋ ಆರೋ ಎಂಟೋ ಎಳೆಯದ್ದು. ಅದನ್ನು ಸುತ್ತುವ ತೆಳು ಚರ್ಮಕ್ಕೆ ಇಲ್ಲಿ ಸುತ್ತುಚರ್ಮ ಎನ್ನುತ್ತೇನೆ. ಬುಲ್‌ವಿಪ್ ಎಂಬ ಉದ್ದದ ಚಾಟಿಗಳಲ್ಲಿ ಒಳಜಡೆ, ಸುತ್ತುಚರ್ಮ ಎರಡೆರಡು ಸಲ ಬರುವುದುಂಟು. ಎಲ್ಲದರ ಮೇಲೆ ಹೊರಜಡೆ, 8, 12 ಇಲ್ಲವೇ 16 ಎಳೆ. ಜಡೆ ಮುಗಿದ ಕಡೆ ಒಂದೇ ಎಳೆಯ ತುದಿಬಾರು, ಅದಕ್ಕೆ ಫಾಲ್ ಎನ್ನುತ್ತಾರೆ. ಅದರ ತುದಿಗೆ ಕ್ರ್ಯಾಕರ್ ಎಂಬ ದಾರದ ಕುಚ್ಚು. ಲಗಾಮು, ಮೂಗುಪಟ್ಟಿ, ತಲೆಪಟ್ಟಿಗಳಲ್ಲಿ ಇಷ್ಟೆಲ್ಲ ಪದರ ಇರುವುದಿಲ್ಲ. ಆದರೆ ಎಳೆಯ ನಿಯಮ ಅದೇ.

ಸಂದಿ ಬಿಟ್ಟಿದೆ, ಒಳಗಿನದು ಕಾಣುತ್ತಿದೆ

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ಇದಕ್ಕೆ ಕಾರಣ ಮೂರು ನಾಲ್ಕು ಇರಬಹುದು. ಅವುಗಳನ್ನು ಬೇರೆ ಬೇರೆ ಮಾಡುವ ದಾರಿ ಜಡೆಯಲ್ಲೇ ಇದೆ. ಎಳೆಗಳು ಒಂದನ್ನೊಂದು ದಾಟುವ ಕಡೆ ಮೂಡುವ ವಜ್ರದ ಆಕಾರವನ್ನು ಹತ್ತಿರದಿಂದ ನೋಡಿ.

ಆ ವಜ್ರದ ಉದ್ದ ಅಗಲ ಎರಡೂ ಸುಮಾರು ಒಂದೇ ಇದ್ದರೆ ಎಳೆಗಳು 45 ಡಿಗ್ರಿ ಓರೆಯಲ್ಲಿ ಓಡುತ್ತಿವೆ ಎಂದರ್ಥ. ಅದೇ ಹದ. ವಜ್ರ ಚಾಟಿಯ ಉದ್ದಕ್ಕೆ ಎಳೆದಂತೆ ಉದ್ದವಾಗಿದ್ದರೆ ತಿರುಳಿನ ದಪ್ಪಕ್ಕೆ ಎಳೆ ಅಗಲ ಆಯಿತು. ಹಾಗಿದ್ದಾಗ ಅಂಚುಗಳು ಒಂದರ ಮೇಲೊಂದು ಹತ್ತಿ ಸುರುಟುತ್ತವೆ. ವಜ್ರ ಗಿಡ್ಡವಾಗಿ, ಅಡ್ಡಕ್ಕೆ ಹಿಗ್ಗಿದ್ದರೆ ಎಳೆ ಕಿರಿದಾಯಿತು, ಇಲ್ಲವೇ ತಿರುಳು ದಪ್ಪ ಆಯಿತು. ಕಿರಿದಾದ ಎಳೆ ಸುತ್ತಳತೆಯನ್ನು ತುಂಬಲು ಹೆಚ್ಚು ಅಡ್ಡಕ್ಕೆ ಮಲಗುತ್ತದೆ. ಆಗಲೂ ತುಂಬದಿದ್ದರೆ ಸಂದಿ ಬಿಡುತ್ತದೆ.

ಇದರಿಂದ ಇನ್ನೊಂದು ತೊಂದರೆಯೂ ಬಿಡಿಸಿಕೊಳ್ಳುತ್ತದೆ. ಎಳೆ ಸಾಲದೆ ಅರ್ಧಕ್ಕೇ ಮುಗಿದುಹೋಯಿತು ಎಂದು ಎಷ್ಟೋ ಜನ ಹೇಳುತ್ತಾರಲ್ವಾ? 45 ಡಿಗ್ರಿಯಲ್ಲಿ ಓಡುವ ಎಳೆಗೆ ಮುಗಿದ ಜಡೆಯ ಸುಮಾರು 1.4 ಪಟ್ಟು ಉದ್ದ ಬೇಕು. ಅದಕ್ಕೇ ಒಂದೂವರೆ ಪಟ್ಟು ಸೀಳಿಕೊಳ್ಳಿ ಎನ್ನುವುದು. ಎಳೆ 55 ಡಿಗ್ರಿಗೆ ವಾಲಿದರೆ ಸುಮಾರು 1.75 ಪಟ್ಟು ಬೇಕಾಗುತ್ತದೆ. ಒಂದೂವರೆ ಪಟ್ಟು ಕೊಟ್ಟೂ ಎಳೆ ಸಾಲಲಿಲ್ಲ ಎಂದರೆ ಅಳತೆ ತಪ್ಪಿದ್ದು ಉದ್ದದಲ್ಲಲ್ಲ, ಅಗಲದಲ್ಲಿ.

ಹೆಣೆಯುವ ಮುಂಚೆಯೇ ಇದನ್ನು ಹಿಡಿಯುವ ಒಂದು ಪರೀಕ್ಷೆ ಇದೆ. ನಾನು ಈಗ ಇದನ್ನು ಮಾಡದೆ ಹೊರಜಡೆ ಶುರುಮಾಡುವುದೇ ಇಲ್ಲ. ಒಟ್ಟು ಎಳೆಗಳಲ್ಲಿ ಅರ್ಧವನ್ನು ತೆಗೆದುಕೊಳ್ಳಿ. 12 ಎಳೆಯಾದರೆ 6. ಅವನ್ನು ಪಕ್ಕಪಕ್ಕ ಅಂಟಿಸಿದಂತೆ ಹಿಡಿದು, 45 ಡಿಗ್ರಿ ಓರೆಯಲ್ಲಿ ಒಳಜಡೆಯ ಮೇಲೆ ಒಂದು ಸುತ್ತು ಹಾಕಿ. ಮೊದಲ ಎಳೆಯ ಅಂಚು ಕೊನೆಯ ಎಳೆಯ ಅಂಚನ್ನು ಮುಟ್ಟಬೇಕು. ಚೂರೇ ಚೂರು ಮೇಲೇರಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಹೆಣೆದಾಗ ಎಳೆಗಳು ಒಂದರ ಮೇಲೊಂದು ಹತ್ತಿ ದಪ್ಪ ಸ್ವಲ್ಪ ಏರುತ್ತದೆ. ಬಿರುಕು ಉಳಿದರೆ ಜಡೆಯಲ್ಲೂ ಬಿರುಕು ಉಳಿಯುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ 5 ಮಿಲಿಮೀಟರ್ ಅಗಲದ 12 ಎಳೆಗಳು ಸುಮಾರು 42 ಮಿಲಿಮೀಟರ್ ಸುತ್ತಳತೆಯನ್ನು ಮುಚ್ಚುತ್ತವೆ, ಅಂದರೆ 13 ಮಿಲಿಮೀಟರ್‌ಗಿಂತ ತುಸು ಹೆಚ್ಚು ದಪ್ಪ. ಈ ಪರೀಕ್ಷೆಯನ್ನು ಹಿಡಿಯ ಹತ್ತಿರ, ನಡುವೆ, ತುದಿಯಲ್ಲಿ, ಮೂರು ಕಡೆ ಮಾಡಿ. ಒಂದು ಕಡೆ ಸರಿ ಬಂದು ಇನ್ನೊಂದು ಕಡೆ ಬರದಿದ್ದರೆ ಎಳೆಯ ಇಳಿಜಾರು, ತಿರುಳಿನ ಇಳಿಜಾರು ಒಂದಕ್ಕೊಂದು ಹೊಂದಿಲ್ಲ.

ಹೆಣೆದಾಗ ಸಂದಿ ಇರಲಿಲ್ಲ, ತಿಂಗಳ ನಂತರ ಬಂತು ಎಂದರೆ ಕಥೆ ಬೇರೆ. ಎಳೆಗಳನ್ನು ಮೊದಲೇ ಎಳೆದು ಹಿಗ್ಗಿಸಿರಲಿಲ್ಲ. ಚರ್ಮ ಹಿಗ್ಗಿದಾಗ ಅಗಲ ಕಡಿಮೆಯಾಗುತ್ತದೆ. ಆ ಹಿಗ್ಗುವಿಕೆ ನಿಮ್ಮ ಹಲಗೆಯ ಮೇಲೆ ಆಗದಿದ್ದರೆ ಬಳಸುವವರ ಕೈಯಲ್ಲಿ ಆಗುತ್ತದೆ. ಸೀಳುವಾಗ ಬೇಕಾದ್ದಕ್ಕಿಂತ ಅಗಲವಾಗಿ ಸೀಳಿ. ಪ್ರತಿ ಎಳೆಯನ್ನೂ ಕೈಯಲ್ಲಿ ನಿಧಾನವಾಗಿ, ಮೊಳ ಮೊಳವಾಗಿ ಎಳೆಯಿರಿ. ಆಮೇಲೆ ಸರಿಯಾದ ಅಗಲಕ್ಕೆ ಮತ್ತೆ ಸೀಳಿ, ಕೊನೆಗೆ ಅಂಚು ಹೆರೆಯಿರಿ. ಈ ಕ್ರಮ ತಪ್ಪಿದರೆ ಮಾಡಿದ ಕೆಲಸ ದಂಡ. ಹೆರೆದ ಮೇಲೆ ಎಳೆದರೆ ಹೆರೆದ ಅಂಚು ಮತ್ತೆ ಹೆಚ್ಚುಕಮ್ಮಿ ಆಗುತ್ತದೆ.

ಬಿಟ್ಟ ಸಂದಿಗೆ ಹೊರಗಿನಿಂದ ಮದ್ದಿಲ್ಲ. ಎರಡು ಹಲಗೆಗಳ ನಡುವೆ ಇಟ್ಟು ಉರುಳಿಸಿದರೆ ಚಾಟಿ ದುಂಡಗಾಗುತ್ತದೆ, ಏರುತಗ್ಗು ಕೂರುತ್ತದೆ. ಸಂದಿ ಮುಚ್ಚುವುದಿಲ್ಲ. ಬಣ್ಣವೋ ಮೇಣವೋ ತುಂಬಿ ಮುಚ್ಚಿದರೆ ಮುಂದೆ ಬಿಚ್ಚುವವರಿಗೆ ಕಷ್ಟ, ಅಷ್ಟೇ.

ಸಾಲು ಸುತ್ತಿಕೊಂಡು ಓಡುತ್ತಿದೆ

ಇಲ್ಲಿ ಮೂರು ಬೇರೆ ಬೇರೆ ದೋಷಗಳು ಒಂದೇ ಮುಖ ಹೊತ್ತು ಬರುತ್ತವೆ. ಬಿಡಿಸಲು ಒಂದು ಪೆನ್ನು ಸಾಕು. ಹೆಣೆಯುವ ಮುಂಚೆ ಒಳಜಡೆಯನ್ನು ಮೇಜಿನ ಮೇಲೆ ನೆಟ್ಟಗೆ ಮಲಗಿಸಿ, ಹಿಡಿಯಿಂದ ತುದಿಯವರೆಗೆ ಒಂದು ನೇರ ಗೆರೆ ಎಳೆಯಿರಿ. ಹೆಣೆಯುತ್ತಾ ಹೋದಂತೆ ಇನ್ನೂ ಮುಚ್ಚದ ಭಾಗದಲ್ಲಿ ಆ ಗೆರೆ ಕಾಣುತ್ತಿರುತ್ತದೆ.

ಸಾಲು ಸುತ್ತುತ್ತಿದೆ, ಗೆರೆಯೂ ಜೊತೆಗೆ ಸುತ್ತುತ್ತಿದೆ ಅಂದರೆ ಒಳಗಿನದೇ ತಿರುಚುತ್ತಿದೆ. ಹಿಡಿಯನ್ನು ಕೊಕ್ಕೆಗೆ ಸಡಿಲವಾಗಿ ಕಟ್ಟಿದ್ದೀರಿ. ನೀವು ಒಂದೊಂದು ಎಳೆ ಬಿಗಿದಾಗಲೂ ಇಡೀ ಕೆಲಸ ಚೂರು ಚೂರೇ ತಿರುಗುತ್ತಿದೆ. ಕಟ್ಟನ್ನು ಭದ್ರಮಾಡಿ.

ಗೆರೆ ನೆಟ್ಟಗಿದೆ, ಸಾಲು ಮಾತ್ರ ಒಂದೇ ಸಮನೆ ಸುತ್ತುತ್ತಿದೆ ಅಂದರೆ ಎರಡು ಕೈಗಳ ಬಿಗಿ ಒಂದೇ ಇಲ್ಲ. ಬಲಗೈ ಬಳಸುವವರಲ್ಲಿ ಬಲಗಡೆಯ ಎಳೆ ಗೊತ್ತಿಲ್ಲದೆ ಜಾಸ್ತಿ ಬಿಗಿಯುತ್ತದೆ. ಇದಕ್ಕೆ ನಾನು ಮಾಡಿಕೊಂಡ ಪರಿಹಾರ ಹೀಗೆ: ಪ್ರತಿ ಸುತ್ತು ಮುಗಿದ ಮೇಲೆ ಎಡಬಲದ ಎಳೆಗಳ ಗೊಂಚಲನ್ನು ಒಟ್ಟಿಗೆ ಹಿಡಿದು, ದೇಹದ ಭಾರ ಹಾಕಿ ಹಿಂದಕ್ಕೆ ವಾಲುತ್ತೇನೆ. ಬೆರಳಿನ ಬಿಗಿ ಸುಳ್ಳು ಹೇಳಬಹುದು, ದೇಹದ ಭಾರ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ.

ಮೂರನೆಯದು: ಸಾಲು ಒಂದು ಮೊಳದವರೆಗೆ ಚೆನ್ನಾಗಿ ಬಂದು, ಒಂದು ಕಡೆ ತಟ್ಟನೆ ಸುತ್ತಲು ಶುರುಮಾಡಿದೆ. ಇದು ಕೈಯ ತಪ್ಪಲ್ಲ. ಕೈ ಹಾಗೆ ಒಂದೇ ಗಳಿಗೆಯಲ್ಲಿ ಬದಲಾಗುವುದಿಲ್ಲ. ಅಲ್ಲಿ ಯಾವುದೋ ಒಂದು ಎಳೆ ಅಗಲ ಬದಲಿಸಿದೆ, ಅಥವಾ ಅದರ ಚರ್ಮ ಬದಲಾಗಿದೆ. ಒಂದು ಅಂಗುಲ ಹಿಂದಕ್ಕೆ ಬಿಚ್ಚಿ, ಎಲ್ಲ ಎಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಳ್ಳ ಎಳೆ ತಾನಾಗಿಯೇ ಸಿಗುತ್ತದೆ.

ಜಡೆ ಎಷ್ಟು ಎಳೆಯದ್ದೇ ಆಗಲಿ, ಸಾಲು ಸುತ್ತಿದ್ದನ್ನು ಕಂಡ ಕೂಡಲೇ ಬಿಚ್ಚಿ. ಮುಂದೆ ಹೋಗುತ್ತಾ ಎದುರು ಬಿಗಿ ಕೊಟ್ಟು ಸರಿದೂಗಿಸಿದರೆ ಸಾಲು ಹಾವಿನಂತೆ ಅಲೆಯುತ್ತದೆ. ನೋಡಲೂ ಕೆಟ್ಟದು, ಬಳಸಲೂ ಕೆಟ್ಟದು.

ಎಳೆ ತುಂಡಾಯಿತು

ತುಂಡಾದ ತುದಿಯನ್ನು ಎಸೆಯಬೇಡಿ. ಒಂದು ಭೂತಗನ್ನಡಿ ಹಿಡಿದು ಕಿಟಕಿ ಹತ್ತಿರ ಹೋಗಿ.

ತುದಿಯಲ್ಲಿ ಉದ್ದುದ್ದ ನಾರುಗಳು ಹತ್ತಿಯಂತೆ ಹೊರಬಂದಿದ್ದರೆ ಚರ್ಮ ಒಳ್ಳೆಯದೇ. ಅದರ ಶಕ್ತಿಗೆ ಮೀರಿ ಎಳೆದಿದ್ದೀರಿ, ಇಲ್ಲವೇ ಅಂಚನ್ನು ಜಾಸ್ತಿ ಹೆರೆದು ತೆಳು ಮಾಡಿದ್ದೀರಿ. ತುದಿ ಚಾಕುವಿನಿಂದ ಕೊಯ್ದಂತೆ ಗಿಡ್ಡವಾಗಿ, ಸಾಫಾಗಿ ಇದ್ದರೆ ಅಲ್ಲಿ ಮೊದಲೇ ಗಾಯ ಇತ್ತು. ತೊಗಲು ಸುಲಿಯುವಾಗ ಮಾಂಸದ ಬದಿಗೆ ಬಿದ್ದ ಚಾಕುವಿನ ಗೀರು, ಪ್ರಾಣಿ ಬದುಕಿದ್ದಾಗ ಉಣ್ಣಿ ಹುಳು ಕಚ್ಚಿದ ಕಲೆ, ಅಥವಾ ಸೀಳುವಾಗ ನೀವೇ ಅಂಚಿಗೆ ತಾಗಿಸಿದ ಕಚ್ಚು. ತುದಿ ಕೆಂಪು ಪುಡಿಯಾಗಿ ಉದುರುತ್ತಿದ್ದರೆ ಚರ್ಮವೇ ಸತ್ತಿದೆ. ಅದರ ಮಾತು ಮುಂದೆ ಬರುತ್ತದೆ.

ಒಂದು ತೊಗಲಿನೊಳಗೇ ಎಷ್ಟು ವ್ಯತ್ಯಾಸ ಇರುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಜೊತೆ ಲಗಾಮಿನಿಂದ. ಎಂಟೆಳೆಯ ದುಂಡು ಜಡೆ. ಹೆಣೆದು ಮುಗಿಸಿದಾಗ ಎರಡೂ ಒಂದೇ ಉದ್ದ, ಪಕ್ಕದಲ್ಲಿ ಇಟ್ಟರೆ ಅವಳಿಗಳಂತೆ ಇದ್ದವು. ಕೆಲವು ವಾರ ಬಳಸಿದ ಮೇಲೆ ಎಡದ ಲಗಾಮು ಬಲದ್ದಕ್ಕಿಂತ ಎರಡು ಬೆರಳು ಉದ್ದವಾಯಿತು. ಕುದುರೆಯ ಮೇಲೆ ಕೂತವರು ಎರಡು ಕೈ ಸಮ ಹಿಡಿದರೆ ಒಂದು ಕಡೆಗೆ ಮಾತ್ರ ಎಳೆತ ಬೀಳುತ್ತಿತ್ತು. ಕುದುರೆ ತಲೆ ಓರೆ ಮಾಡಿಕೊಂಡು ನಡೆಯುತ್ತಿತ್ತು. ಆ ಪ್ರಾಣಿಗೆ ನನ್ನ ಕೆಲಸದಿಂದ ತೊಂದರೆಯಾಯಿತಲ್ಲ ಎಂದು ಬಹಳ ದಿನ ಬೇಸರವಿತ್ತು. ಬಿಚ್ಚಿ ನೋಡಿದಾಗ ಎಡದ ಲಗಾಮಿನ ಮೂರು ಎಳೆಗಳ ಹಿಂಬದಿ ಸಡಿಲವಾಗಿ, ನಾರು ನಾರಾಗಿತ್ತು. ಬೆರಳಿನ ಉಗುರಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಅವು ಹೊಟ್ಟೆಯ ಭಾಗದಿಂದ ಸೀಳಿದವು. ಉಳಿದವು ಬೆನ್ನಿನ ಭಾಗದವು.

ಬೆನ್ನುಮೂಳೆಯ ಎರಡು ಪಕ್ಕದ ಚರ್ಮ ಗಟ್ಟಿ, ನಾರು ಒತ್ತು. ಹೊಟ್ಟೆ, ಕಂಕುಳ ಕಡೆಯದು ಸಡಿಲ, ಜಾಸ್ತಿ ಹಿಗ್ಗುತ್ತದೆ. ಈಗ ನಾನು ಜೋಡಿ ಸಾಮಾನು ಮಾಡುವಾಗ ಬೆನ್ನುಗೆರೆಯ ಎಡಕ್ಕೊಂದು, ಬಲಕ್ಕೊಂದು, ಕನ್ನಡಿಯಲ್ಲಿ ಕಂಡಂತೆ ಎದುರು ಬದುರು ಜಾಗಗಳಿಂದ ಸೀಳುತ್ತೇನೆ. ಹಿಗ್ಗಿದರೂ ಎರಡೂ ಒಟ್ಟಿಗೆ ಹಿಗ್ಗಲಿ.

ಚರ್ಮವನ್ನು ಚಕ್ಕುಲಿಯಂತೆ ಸುತ್ತ ಸುತ್ತ ಸೀಳಿ ಉದ್ದದ ಎಳೆ ತೆಗೆಯುವವರು ಇನ್ನೆರಡು ಕಡೆ ನೋಡಿಕೊಳ್ಳಿ. ಚೌಕದ ತುಂಡಾದರೆ ಮೂಲೆಗಳನ್ನು ಮೊದಲೇ ದುಂಡಗೆ ಕತ್ತರಿಸಬೇಕು. ಮೂಲೆ ಹಾಗೇ ಬಿಟ್ಟರೆ ಚಾಕು ತಿರುಗುವ ಕಡೆ ಎಳೆಗೆ ಕಚ್ಚು ಬೀಳುತ್ತದೆ, ಮುಂದೆ ಅಲ್ಲೇ ಹರಿಯುತ್ತದೆ. ನಡುವಿನ ಬಿಗಿ ಸುತ್ತುಗಳಿಂದ ಬಂದ ಎಳೆ ಎಷ್ಟು ಎಳೆದರೂ ಬಳುಕಿಕೊಂಡೇ ಇರುತ್ತದೆ. ಆ ನಡುಭಾಗವನ್ನು ಉಳಿಸಿಬಿಡಿ. ಸಣ್ಣ ಗಂಟುಗಳಿಗೆ, ಸುತ್ತುಗಳಿಗೆ ಅದು ಬರುತ್ತದೆ.

ಕಾಂಗರೂ ಚರ್ಮದ ಎಳೆ ತೆಳುವಾಗಿದ್ದರೂ ಗಟ್ಟಿ ಎಂಬ ಹೆಸರು ನಿಜವೇ. ಅದರ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ. ದನದ ಚರ್ಮದಲ್ಲಿ ನಾರು ಹೆಚ್ಚು ಓರೆಯಾಗಿ, ಮೇಲೆ ಕೆಳಗೆ ಹೆಣೆದುಕೊಂಡಿರುತ್ತದೆ. ಅದನ್ನು ತೆಳುವಾಗಿ ಹೆರೆದರೆ ನಾರುಗಳೇ ಕತ್ತರಿಸಿ ಹೋಗುತ್ತವೆ. ದನದ ಚರ್ಮದಲ್ಲಿ ಕಾಂಗರೂ ಎಳೆಯಷ್ಟು ಸಣ್ಣಗೆ ಹೆಣೆಯಲು ಹೋಗಿ ಎಳೆ ಹರಿಯುತ್ತಿದ್ದರೆ ತಪ್ಪು ನಿಮ್ಮ ಕೈಯಲ್ಲಿ ಇಲ್ಲ. ಎಳೆಗಳ ಸಂಖ್ಯೆ ಇಳಿಸಿ, ಅಗಲ ಹೆಚ್ಚಿಸಿ.

ಉಬ್ಬು, ಮೆಟ್ಟಿಲು, ಮುರಿದಂತೆ ಬಾಗುವ ಜಾಗ

ಕಣ್ಣು ಮುಚ್ಚಿಕೊಂಡು ಚಾಟಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿಂದ ತುದಿಗೆ ಜಾರಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಉಬ್ಬಿನ ಮುಂದೆಯೇ ತಟ್ಟನೆ ತೆಳುವಾದರೆ ಅದು ಎಳೆ ಬಿಟ್ಟ ಜಾಗ. ತುದಿಗೆ ಹೋದಂತೆ 12 ಎಳೆ 10 ಆಗಬೇಕು, 10 ಎಂಟಾಗಬೇಕು. ಬಿಟ್ಟ ಎರಡು ಎಳೆಗಳನ್ನು ಅಲ್ಲೇ ಕತ್ತರಿಸಿದರೆ ಮೆಟ್ಟಿಲು ಬರುತ್ತದೆ. ಅವುಗಳನ್ನು ಚೂಪಾಗಿ ಹೆರೆದು ಒಳಗೇ ತಿರುಳಿನ ಜೊತೆ ಒಂದಷ್ಟು ದೂರ ಓಡಿಸಬೇಕು. ಎರಡರ ತುದಿಯೂ ಒಂದೇ ಕಡೆ ಮುಗಿಯಬಾರದು. ಒಳಜಡೆಯಲ್ಲಿ ಎಳೆ ಬಿಟ್ಟ ಜಾಗ, ಹೊರಜಡೆಯಲ್ಲಿ ಬಿಟ್ಟ ಜಾಗ ಒಂದರ ಮೇಲೊಂದು ಬಂದರೆ ಉಬ್ಬು ಎರಡರಷ್ಟು. ನಾನು ಒಳಜಡೆ ಮುಗಿದ ಕೂಡಲೇ ಎಳೆ ಬಿಟ್ಟ ಜಾಗಗಳ ದೂರವನ್ನು ಹಿಡಿಯಿಂದ ಅಳೆದು ಕಾಗದದಲ್ಲಿ ಬರೆದಿಡುತ್ತೇನೆ. ಸುತ್ತುಚರ್ಮ ಬಿದ್ದ ಮೇಲೆ ಅವು ಕಾಣುವುದಿಲ್ಲ.

ಹಿಡಿ ಮುಗಿದ ಕಡೆ ಚಾಟಿ ಬಾಗಿಲ ಕೀಲಿನಂತೆ ಒಂದೇ ಜಾಗದಲ್ಲಿ ಮಡಚಿಕೊಂಡರೆ ಅದು ದೊಡ್ಡ ದೋಷ. ಒಳಗಿನ ಗಟ್ಟಿ ಕೋಲು ತಟ್ಟನೆ ಮುಗಿದು, ಅದರ ಮುಂದೆ ಬರೀ ಮೆತ್ತನೆಯದಿದೆ. ಬಾಗುವುದೆಲ್ಲ ಅದೊಂದೇ ಜಾಗಕ್ಕೆ ಬೀಳುತ್ತದೆ. ಅಲ್ಲಿಯ ಎಳೆಗಳು ಬೇಗ ಸವೆಯುತ್ತವೆ. ಕೋಲಿನ ತುದಿಯನ್ನು ಇಳಿಜಾರಾಗಿ ಮಾಡಿ, ತಿರುಳನ್ನು ಕೋಲಿನ ಮೇಲೆ ಸ್ವಲ್ಪ ಉದ್ದಕ್ಕೆ ತಂದು, ಮೇಣದ ದಾರದಿಂದ ಬಿಗಿಯಾಗಿ ಸುತ್ತಬೇಕಿತ್ತು. ಸುತ್ತುಚರ್ಮದ ಮೊದಲ ಭಾಗ ದಪ್ಪವಾಗಿರಬೇಕಿತ್ತು. ಮೇಲಿಂದ ಗಂಟು ಹಾಕಿ ಮುಚ್ಚುವುದನ್ನು ನೋಡಿದ್ದೇನೆ. ಕೀಲು ಗಂಟಿನ ಮುಂದಕ್ಕೆ ಸರಿಯುತ್ತದೆ, ಅಷ್ಟೇ. ಹೊರಜಡೆ ಬಿಚ್ಚದೆ ದಾರಿಯಿಲ್ಲ.

ಚಾಟಿ ಸದ್ದು ಮಾಡುತ್ತಿಲ್ಲ

ಚಾಟಿಯ ಸದ್ದು ಚರ್ಮ ಚರ್ಮಕ್ಕೆ ಬಡಿದು ಬರುವುದಲ್ಲ. ಬೀಸಿದಾಗ ಮೂಡುವ ಸುರುಳಿ ತುದಿಯ ಕಡೆ ಓಡುತ್ತದೆ. ಚಾಟಿ ತೆಳುವಾದಂತೆ ಅದರ ವೇಗ ಏರುತ್ತದೆ. ಕೊನೆಗೆ ಶಬ್ದದ ವೇಗವನ್ನೇ ದಾಟುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್. ಆಗ ಬರುವ ಸಣ್ಣ ಸಿಡಿತವೇ ಆ ಸದ್ದು. 2002ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಅಲೈನ್ ಗೋರಿಯೆಲಿ ಮತ್ತು ಟೈಲರ್ ಮೆಕ್‌ಮಿಲನ್ ಈ ಸುರುಳಿಯ ಗಣಿತವನ್ನು ಬಿಡಿಸಿ ತೋರಿಸಿದರು. ನಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟು: ಆ ಸುರುಳಿ ದಾರಿಯಲ್ಲಿ ಎಲ್ಲೂ ಎಡವಬಾರದು. ಉಬ್ಬು, ಮೆಟ್ಟಿಲು, ಕೀಲು ಎಲ್ಲವೂ ಅದಕ್ಕೆ ಎಡವುಗಲ್ಲು.

ಹುಡುಕುವುದನ್ನು ತುದಿಯಿಂದ ಶುರುಮಾಡಿ. ಅಲ್ಲಿ ಬದಲಾಯಿಸುವುದು ಸುಲಭ. ಕ್ರ್ಯಾಕರ್ ಸವೆದು ಗಿಡ್ಡವಾಗಿದೆಯೇ? ಹೊಸದು ಕಟ್ಟಿ. ಅದು ಸವೆಯುವುದಕ್ಕೆಂದೇ ಇರುವ ವಸ್ತು. ಅದಿಲ್ಲದೆ ಬೀಸಿದರೆ ತುದಿಬಾರೇ ಸೀಳಿಕೊಂಡು ಹೋಗುತ್ತದೆ. ಹೊಸ ಕ್ರ್ಯಾಕರ್‌ಗೂ ಸದ್ದು ಬರದಿದ್ದರೆ ತುದಿಬಾರು ನೋಡಿ. ಒಣಗಿ ಬಿರುಸಾಗಿದ್ದರೆ ಚಾಟಿ ತುದಿಯಲ್ಲಿ ಕಡ್ಡಿಯಂತೆ ನಿಲ್ಲುತ್ತದೆ. ಚಾಟಿಗೆ ಹೋಲಿಸಿದರೆ ತುದಿಬಾರು ತೂಕವಾದರೆ ಸುರುಳಿ ಅಲ್ಲಿಗೆ ಬಂದು ಸುಸ್ತಾಗುತ್ತದೆ. ತೀರಾ ಹಗುರವಾದರೆ ತುದಿ ಪಟಪಟ ಹಾರಾಡಿ ಹಿಂದಕ್ಕೆ ಬರುತ್ತದೆ. ಬೇರೆ ದಪ್ಪದ ಎರಡು ಮೂರು ತುದಿಬಾರು ಸೀಳಿಟ್ಟುಕೊಂಡು ಬದಲಾಯಿಸಿ ನೋಡಿ. ಸುಮ್ನೆ ಊಹೆ ಮಾಡುತ್ತಾ ಕೂರುವುದಕ್ಕಿಂತ ಇದು ಬೇಗ ಆಗುತ್ತದೆ.

ಇಷ್ಟಾದರೂ ಆಗದಿದ್ದರೆ ಜಡೆಯ ಕಡೆ ಬನ್ನಿ. ಚಾಟಿಯನ್ನು ಹಿಡಿಯಲ್ಲಿ ಅಡ್ಡಕ್ಕೆ ಎತ್ತಿ ಹಿಡಿದರೆ ಉಳಿದದ್ದು ನುಣ್ಣಗೆ ಬಿಲ್ಲಿನಂತೆ ಇಳಿಯಬೇಕು. ಎಲ್ಲಿ ಬಿಲ್ಲು ಮುರಿದು ಮೂಲೆಯಾಗುತ್ತದೋ ಅಲ್ಲಿ ಒಳಗೆ ತಪ್ಪಿದೆ. ಇನ್ನೊಂದು ಮಾತು: ಪ್ರತಿ ಚಾಟಿಗೂ ತಾನು ಬಾಗಲು ಇಷ್ಟಪಡುವ ಒಂದು ಬದಿ ಇರುತ್ತದೆ. ಅದಕ್ಕೆ ಎದುರಾಗಿ ಬೀಸುತ್ತಾ ಚಾಟಿ ಸರಿಯಿಲ್ಲ ಎನ್ನುವವರೂ ಇದ್ದಾರೆ. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಬೀಸಿ ನೋಡಿ. ಪರೀಕ್ಷೆ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ಹತ್ತಿರ ಯಾರೂ ನಿಲ್ಲದಿರಲಿ.

ಹದ ಮಾಡದ ತೊಗಲು: ಎಲ್ಲ ಆಟ ನೀರಿನದು

ಬೊಸಾಲ್ ಎಂಬ ಮೂಗುಪಟ್ಟಿ, ರಿಯಾಟಾ ಎಂಬ ಹಗ್ಗ, ಕೆಲವು ಲಗಾಮುಗಳು ಹದ ಮಾಡದ ತೊಗಲಿನವು. ಒಣಗಿದ ಮೇಲೆ ಸಂದಿ ಬಿಟ್ಟರೆ ತೊಗಲು ಹೆಣೆಯುವಾಗ ತೀರಾ ಒದ್ದೆಯಾಗಿತ್ತು. ನೀರು ಕುಡಿದ ತೊಗಲು ಉಬ್ಬಿರುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೆಣೆಯುವಾಗ ಕಿರ್ ಕಿರ್ ಎಂದು, ಬಾಗಿಸಿದ ಕಡೆ ಬಿಳಿ ಗೆರೆ ಮೂಡಿ, ಮೇಲ್ಪದರ ಬಿರಿದರೆ ಒಣಗಿ ಹೋಗಿತ್ತು. ಇವೆರಡರ ನಡುವಿನ ಹದಕ್ಕೆ ಬರಲು ಎಳೆಗಳನ್ನು ನೆನೆಸಿ, ನೀರು ಒರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ತೇವ ಒಳಗೂ ಹೊರಗೂ ಒಂದೇ ಆಗಲಿ. ಬೆಳಿಗ್ಗೆ ಎಳೆಯನ್ನು ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನ್ನಿಸಬೇಕು. ಮಡಚಿ ಹಿಂಡಿದರೆ ನೀರು ಹೊರಬರಬಾರದು.

ಬೇಗ ಒಣಗಲಿ ಎಂದು ಬಿಸಿಲಿಗೆ, ಒಲೆ ಹತ್ತಿರ ಇಡಬೇಡಿ. ಒದ್ದೆ ತೊಗಲು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೇ ಸುರುಟಿ ಕುಗ್ಗುತ್ತದೆ. ಒಮ್ಮೆ ಹಾಗಾದರೆ ಎಷ್ಟು ನೆನೆಸಿದರೂ ಹಿಂದಕ್ಕೆ ಬರುವುದಿಲ್ಲ. ಬಿಸಿನೀರಿನಲ್ಲಿ ನೆನೆಸುವುದೂ ಅದೇ ತಪ್ಪು.

ಕುದುರೆ ಮೈಮೇಲೆ ಇರುವ ಸಾಮಾನು

ಚಾಟಿ ಹರಿದರೆ ಹೊಸದು ಹೆಣೆಯಬಹುದು. ಲಗಾಮು ಹರಿದರೆ ಮನುಷ್ಯನೂ ಕುದುರೆಯೂ ಅಪಾಯಕ್ಕೆ ಸಿಗುತ್ತಾರೆ. ಎಂಟರಲ್ಲಿ ಒಂದು ಎಳೆ ತಾನೇ ಹೋಗಿದ್ದು, ಉಳಿದ ಏಳು ಇವೆಯಲ್ಲ ಎಂದು ಹೇಳಬೇಡಿ. ಹರಿದ ಎಳೆಯ ಎರಡು ಬದಿಯಲ್ಲೂ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಅದನ್ನು ಬಳಕೆಯಿಂದ ತೆಗೆದಿಡಿ. ಬಳಸುವ ಲಗಾಮನ್ನು ಕಡಿವಾಣಕ್ಕೆ ಸೇರುವ ಮಡಿಕೆಯಲ್ಲಿ, ಬಕಲ್ ಕಚ್ಚುವ ಜಾಗದಲ್ಲಿ ಬಿಡಿಸಿ, ಹಿಂದಕ್ಕೆ ಬಾಗಿಸಿ ನೋಡಿ. ಅಲ್ಲಿ ಬೆವರು, ಜೊಲ್ಲು, ಲೋಹದ ಉಜ್ಜಾಟ ಮೂರೂ ಸೇರುತ್ತವೆ. ಬಿರುಕು ಶುರುವಾಗುವುದು ಬಹುತೇಕ ಅಲ್ಲೇ.

ಚಪ್ಪಟೆ ಜಡೆಯ ಪಟ್ಟಿ ನೆಲದ ಮೇಲೆ ಹಾಸಿದಾಗ ಒಂದು ಪಕ್ಕಕ್ಕೆ ಬಾಗಿದ್ದರೆ, ಹೊರಬಾಗಿನ ಅಂಚಿನ ಎಳೆಗಳು ಜಾಸ್ತಿ ಹಿಗ್ಗಿವೆ, ಇಲ್ಲವೇ ಒಳಬಾಗಿನ ಕಡೆ ಜಾಸ್ತಿ ಬಿಗಿದಿದ್ದೀರಿ. ಒದ್ದೆಮಾಡಿ ನೇರ ಮಾಡಿ ಕಟ್ಟಿಟ್ಟರೆ ಬಿಗಿಯ ತಪ್ಪು ಬಹುಪಾಲು ಹೋಗುತ್ತದೆ. ಒಣಗಿದ ಮೇಲೆ ಮತ್ತೆ ಬಾಗಿದರೆ ಅದು ಚರ್ಮದ ತಪ್ಪು.

ಕುದುರೆಯ ಮೂಗಿನ ಮೇಲೆ ಕೂದಲು ಉದುರಿದೆ, ಚರ್ಮ ಕೆಂಪಾಗಿದೆ ಎಂದರೆ ಬೊಸಾಲ್ ಒಳಬದಿಯನ್ನು ನಿಮ್ಮ ಮಣಿಕಟ್ಟಿನ ಒಳಮೈ ಮೇಲೆ ಉಜ್ಜಿ ನೋಡಿ. ಬೆರಳ ತುದಿ ಕೆಲಸ ಮಾಡಿ ಮಾಡಿ ಗಡುಸಾಗಿರುತ್ತದೆ, ಅದಕ್ಕೆ ಗೊತ್ತಾಗುವುದಿಲ್ಲ. ಎಳೆಯ ಅಂಚನ್ನು ಹೆರೆಯದೆ ಬಿಟ್ಟಿದ್ದರೆ ಪ್ರತಿ ಎಳೆಯೂ ಸಣ್ಣ ಮೆಟ್ಟಿಲಾಗಿ ಉಜ್ಜುತ್ತದೆ. ಒಂದೇ ಪಕ್ಕದಲ್ಲಿ ಗಾಯವಾಗಿದ್ದರೆ ಬೊಸಾಲ್ ಓರೆಯಾಗಿ ಕೂರುತ್ತಿದೆ. ಅದನ್ನು ಮೇಜಿನ ಮೇಲೆ ಇಡಿ. ಒಂದು ಕಡೆ ಎದ್ದು ನಿಂತರೆ ತಿರುಳು ತಿರುಚಿದೆ. ತೊಗಲಿನ ತಿರುಳಾದರೆ ಸ್ವಲ್ಪ ತೇವ ಮಾಡಿ, ಆಕಾರದ ಮರದ ತುಂಡಿಗೆ ಕಟ್ಟಿ ಒಣಗಿಸಬಹುದು. ಒಳಗೆ ಲೋಹದ ಕೇಬಲ್ ಹಾಕಿದ್ದರೆ ಅದು ಮತ್ತೆ ಮತ್ತೆ ಹಳೆಯ ಆಕಾರಕ್ಕೇ ಹೋಗುತ್ತದೆ. ನನಗೆ ಕೇಬಲ್ ತಿರುಳು ಇಷ್ಟವಿಲ್ಲ. ಅದರ ಬಿರುಸು ಕುದುರೆಯ ಮೂಗಿಗೆ ನೇರವಾಗಿ ತಾಗುತ್ತದೆ. ಪಟ್ಟಿ ಎಲ್ಲಿ ಕೂತಿದೆ ಎಂಬುದನ್ನೂ ನೋಡಿ. ಮೂಗಿನ ಮೂಳೆಯ ಮೇಲೆ ಕೂರಬೇಕು. ಅದರ ಕೆಳಗಿನ ಮೆತ್ತನೆಯ ಭಾಗಕ್ಕೆ ಜಾರಿದರೆ ಎಷ್ಟು ಚೆನ್ನಾಗಿ ಹೆಣೆದಿದ್ದರೂ ನೋವಾಗುತ್ತದೆ.

ಬಿಳಿ, ಹಸಿರು, ಕಪ್ಪು, ಕೆಂಪು

ತೆಗೆದಿಟ್ಟ ಚಾಟಿಯ ಮೇಲೆ ಬಿಳಿ ಪೊರೆ ಬಂದರೆ ಎಲ್ಲರೂ ಬೂಷ್ಟು ಎನ್ನುತ್ತಾರೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಕರಗಿ ಒಳಗೆ ಹೋದರೆ ಅದು ಚರ್ಮದೊಳಗಿನ ಕೊಬ್ಬು ಹೊರಬಂದದ್ದು, ಒರೆಸಿದರೆ ಸಾಕು. ಕರಗದೆ, ಮುಗ್ಗುಲು ವಾಸನೆ ಬಂದರೆ ಬೂಷ್ಟು. ಹೊರಗೆ ತೆಗೆದುಕೊಂಡು ಹೋಗಿ ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ತೂಗುಹಾಕಿ.

ಹಿತ್ತಾಳೆ, ತಾಮ್ರದ ರಿವೆಟ್ ಸುತ್ತ ಹಸಿರು ಮೇಣದಂಥದ್ದು ಬಂದರೆ ಲೋಹಕ್ಕೂ ಚರ್ಮದ ಕೊಬ್ಬಿಗೂ ಆದ ಜಗಳ. ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಎಣ್ಣೆ ಜಾಸ್ತಿ ಹಚ್ಚಿದಷ್ಟೂ ಅದು ಜಾಸ್ತಿ ಬರುತ್ತದೆ. ತೊಗಟೆಯ ಹದ ಕೊಟ್ಟ, ಅಂದರೆ ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಹೆಣೆಯುವ ಮೊಳೆ, ಕೊಕ್ಕೆ ನೋಡಿಕೊಳ್ಳಿ.

ಕೆಂಪು ಪುಡಿ ಉದುರುವುದಕ್ಕೆ ಮಾತ್ರ ಪರಿಹಾರವಿಲ್ಲ. ತೊಗಟೆ ಹದದ ಹಳೆಯ ಚರ್ಮದಲ್ಲಿ ಆಮ್ಲ ಸೇರಿ ನಾರುಗಳೇ ಕಡಿದುಹೋಗಿರುತ್ತವೆ. ಎಣ್ಣೆ ಹಾಕಿದರೆ ಬಣ್ಣ ಗಾಢವಾಗುತ್ತದೆ, ಶಕ್ತಿ ಬರುವುದಿಲ್ಲ. ಅಂಥ ಲಗಾಮನ್ನು ಗೋಡೆಗೆ ತೂಗುಹಾಕಬಹುದು, ಕುದುರೆಗೆ ಹಾಕಬಾರದು.

ಎಣ್ಣೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಚಾಟಿ ಜೋತುಬಿದ್ದು, ಸತ್ವವಿಲ್ಲದ ಹಗ್ಗದಂತೆ ಆಗಿದೆ ಎಂದು ತಂದವರನ್ನು ಕೇಳಿದರೆ ಬಹಳ ಸಲ ಸಿಗುವ ಉತ್ತರ ಒಂದೇ: ನೀಟ್ಸ್‌ಫುಟ್ ಎಣ್ಣೆಯಲ್ಲಿ (ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ) ನೆನೆಸಿಟ್ಟಿದ್ದೆವು. ಎಣ್ಣೆ ನಾರುಗಳನ್ನು ಜಾರಿಸುತ್ತದೆ. ಜಾಸ್ತಿಯಾದರೆ ಜಡೆಯ ಬಿಗಿಯೇ ಹೋಗುತ್ತದೆ. ಇಂಥದ್ದನ್ನು ಒಣ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಬದಲಾಯಿಸುತ್ತಾ ಹಲವು ದಿನ ಇಟ್ಟರೆ ಸ್ವಲ್ಪ ಹೀರಿಕೊಳ್ಳುತ್ತದೆ, ಪೂರ್ತಿ ಹೋಗುವುದಿಲ್ಲ. ಬಳಕೆಯಲ್ಲಿರುವ ಚಾಟಿಗೆ ಬೆರಳಿಗೆ ಮೆತ್ತುವಷ್ಟು ಕೊಬ್ಬಿನ ಮುಲಾಮು ಸಾಕು. ಮೊದಲು ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ನೆರಳಲ್ಲಿ ಒಣಗಲು ಬಿಡಿ. ಆಮೇಲೆ ಮುಲಾಮನ್ನು ತೆಳುವಾಗಿ ತಿಕ್ಕಿ, ಚಾಟಿ ಬಾಗಲು ಇಷ್ಟಪಡುವ ಬದಿಗೇ ದೊಡ್ಡ ಸುರುಳಿಯಾಗಿ ಸುತ್ತಿಡಿ.